ಆರು ಮಂದಿಗಾಗಿ ಒಂದು ಗಾಡಿ



2019ನೆಯ ಇಸವಿಯ ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ. ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟಿದ್ದ ಒಂದು ಪ್ಯಾಸೆಂಜರ್ ಗಾಡಿಯಲ್ಲಿ ನಾನು ಕುಳಿತಿದ್ದೆ. ಕಿಟಕಿಯ ಆಚೆಗೆ ನಮ್ಮ ಬೆಳವಲದ ಕರಿನೆಲ ಕಣ್ಣು ಮುಟ್ಟುವವರೆಗೆ ಹರಡಿಕೊಂಡಿತ್ತು. ಒಂದೆಡೆ ಕಡಲೆ, ಒಂದೆಡೆ ಬಿಳಿಜೋಳ, ಮತ್ತೊಂದೆಡೆ ಬಿಡಿಸಿ ಮುಗಿಯದ ಹತ್ತಿ. ಕುಸುಗಲ್ಲು, ಹೆಬಸೂರು, ಶಿಶ್ವಿನಹಳ್ಳಿ, ಅಣ್ಣಿಗೇರಿ, ಹುಲಕೋಟಿ ಎಂದು ಜಪಮಾಲೆಯ ಮಣಿಗಳಂತೆ ಒಂದರ ಹಿಂದೊಂದು ಬರುವ ನಿಲ್ದಾಣಗಳ ಹಾದಿ ಅದು. ನಮ್ಮ ಡಬ್ಬಿಯಲ್ಲಿ ಆರು ಜನರಿದ್ದೆವು. ನಾನು, ನನ್ನ ಜೊತೆಗೆ ಬಂದಿದ್ದ ಧರ್ಮಕೇಂದ್ರದ ಒಬ್ಬ ಯುವಕ, ನಿದ್ರಿಸುತ್ತಿದ್ದ ಇಬ್ಬರು ಕೂಲಿಕಾರರು, ಖಾಲಿ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡ ಒಬ್ಬ ಮುದುಕಿ, ಆಕೆಯ ಮಗ್ಗುಲಲ್ಲಿ ಕಾಲೇಜಿನ ಚೀಲ ಹಿಡಿದ ಮೊಮ್ಮಗಳು.

ನನ್ನ ಜೊತೆಗಿದ್ದ ಯುವಕ ಬಿ.ಕಾಂ. ಓದಿದವನು; ಲೆಕ್ಕಪತ್ರ ಬರೆಯುವುದು ಅವನ ವೃತ್ತಿ. ಅವನು ಡಬ್ಬಿಯನ್ನೊಮ್ಮೆ ಕಣ್ಣಾಡಿಸಿ ನೋಡಿ, “ಫಾದರ್, ಎಣಿಸಿ ನೋಡ್ರಿ, ಇಡೀ ಡಬ್ಬಿಯೊಳಗ ನಾವು ಆರೇ ಮಂದಿ. ಈ ಗಾಡಿ ಓಡಸಾಕ ಎಷ್ಟು ರೊಕ್ಕ ಬೇಕು, ನಾವು ಕೊಟ್ಟಿದ್ದೆಷ್ಟು? ಉಳಿದದ್ದು ಯಾರ ರೊಕ್ಕ ಅಂತೀರಿ?” ಎಂದು ಕೇಳಿದ. ಆ ಮಾತು ಎದುರಿಗಿದ್ದ ಮುದುಕಿಯ ಕಿವಿಗೂ ಬಿತ್ತು. ಆಕೆ ಕೋಪಗೊಳ್ಳಲಿಲ್ಲ. ನನ್ನ ಕಡೆಗೆ ತಿರುಗಿ, “ಯಪ್ಪಾ, ಮಂದಿ ಎಣಿಸಬ್ಯಾಡ ಅನ್ರಿ ಅವಗ. ಗಾಡ್ಯಾಗ ಮಂದಿ ಕಡಿಮಿ ಅದಾರ ಅಂದ್ರ ನಮ್ಮ ಮನ್ಯಾಗ ಹಸಿವು ಕಡಿಮಿ ಆಗತೈತೇನ್ರಿ?” ಎಂದಳು.

ಇಬ್ಬರ ಮಾತೂ ಸತ್ಯವೆಂದು ನನಗನ್ನಿಸಿತು. ಆದುದರಿಂದಲೇ ಅಂದು ನಾನು ಉತ್ತರ ಕೊಡಲಿಲ್ಲ. ಆ ಮುದುಕಿ ಹೊಲದ ಬದುವಿನ ಪುಂಡಿಪಲ್ಲೆ, ರಾಜಗಿರಿ, ಮೆಂತ್ಯಗಳನ್ನು ಹೊತ್ತು ಹುಬ್ಬಳ್ಳಿಗೆ ಹೋಗಿ ಮಾರಿ ಬರುವವಳು. ಹತ್ತು ರೂಪಾಯಿಯ ಟಿಕೇಟು ಆಕೆಯ ವ್ಯಾಪಾರದ ಬಂಡವಾಳದ ಒಂದು ಭಾಗ. ಮೊಮ್ಮಗಳು ಅದೇ ಗಾಡಿಯಲ್ಲಿ ಪಾಸು ಮಾಡಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ಅವರು ಇಳಿದ ಸಣ್ಣ ನಿಲ್ದಾಣದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾರ ಮೇಲಾದರೂ ದೂರು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅಂದು ಕೇಳಿದ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕೆಲವೇ ಜನರಿಗಾಗಿ ಎಲ್ಲರ ಹಣವನ್ನು ವ್ಯಯಮಾಡುವುದು ನ್ಯಾಯವೇ? ಕೆಲವೇ ಜನರೆಂಬ ಕಾರಣಕ್ಕಾಗಿ ಅವರನ್ನು ಕೈಬಿಡುವುದು ನ್ಯಾಯವೇ?

ಮೊದಲು, ಈ ಹಳಿಗಳು ನಮ್ಮ ನೆಲಕ್ಕೆ ಏಕೆ ಬಂದವು ಎಂಬುದನ್ನು ನೆನೆದುಕೊಳ್ಳೋಣ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಘೋರವಾದ ಕ್ಷಾಮ ಕಾಡಿತು. ದಾತು, ಈಶ್ವರ ಎಂಬ ಆ ಎರಡು ಸಂವತ್ಸರಗಳ ಹೆಸರು ಹಿರಿಯರ ಬಾಯಲ್ಲಿ ಬರಗಾಲದ ಹೆಸರಾಗಿಯೇ ಉಳಿಯಿತು. ಬೇರೆ ಸೀಮೆಗಳಲ್ಲಿ ಧಾನ್ಯವಿದ್ದರೂ ಅದನ್ನು ಹಸಿದವರ ಬಾಗಿಲಿಗೆ ತಂದು ಮುಟ್ಟಿಸುವ ದಾರಿ ಇರಲಿಲ್ಲ. ಎತ್ತಿನ ಬಂಡಿಯಲ್ಲಿ ತರೋಣವೆಂದರೆ, ಮೇವು ನೀರಿಲ್ಲದೆ ಎತ್ತುಗಳೇ ದಾರಿಯಲ್ಲಿ ಸಾಯುತ್ತಿದ್ದವು. ಆ ಕ್ಷಾಮದ ತರುವಾಯ ನೇಮಿಸಲಾದ ಆಯೋಗವು 1880ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಲಾಭ ತರದಿದ್ದರೂ ಬರಗಾಲದಲ್ಲಿ ಜೀವ ಉಳಿಸುವ ರೈಲು ಮಾರ್ಗಗಳು ಬೇಕೆಂಬ ವಿಚಾರಕ್ಕೆ ಅಂದಿನಿಂದ ಬಲ ಬಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಗಿ, ಆ ದಶಕದಲ್ಲಿಯೇ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗುಗಳಿಗೆ ಹಳಿಗಳು ಬಂದವು. 1885ರಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಆರಂಭವಾಯಿತು. ಧಾರವಾಡದ ಕರ್ನಾಟಕ ಕಾಲೇಜಿನ ಭವ್ಯ ಕಟ್ಟಡ ಒಂದು ಕಾಲದಲ್ಲಿ ಈ ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತೆಂಬುದನ್ನು ಅಲ್ಲಿ ಓದಿದ ಹಲವರೂ ಬಲ್ಲರು.

ಪರಕೀಯರ ಸರ್ಕಾರ ಕೇವಲ ಕರುಣೆಯಿಂದ ಹಳಿ ಹಾಕಿತೆಂದು ನಾನು ಹೇಳುತ್ತಿಲ್ಲ. ಈ ಸೀಮೆಯ ಹತ್ತಿಯ ಮೇಲೆ ಅದಕ್ಕೆ ಕಣ್ಣಿತ್ತು. ಸೈನ್ಯವನ್ನು ಬೇಗ ಸಾಗಿಸುವ ಯೋಚನೆಯೂ ಇತ್ತು. ಆದರೂ ಕ್ಷಾಮದ ನೆರಳಿನಲ್ಲಿ ಹುಟ್ಟಿದ ಈ ಹಳಿಗಳಲ್ಲಿ ಒಂದು ಪಾಠ ಅಡಗಿದೆ. ಕೆಲವು ವಸ್ತುಗಳ ಬೆಲೆ ನಿತ್ಯದ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಹಗೇವಿನಲ್ಲಿ ತುಂಬಿಟ್ಟ ಜೋಳ ಸುಗ್ಗಿಯ ದಿನಗಳಲ್ಲಿ ವ್ಯರ್ಥವೆಂದೇ ತೋರುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಮಾತ್ರ ಅದರ ಅರ್ಥ ತಿಳಿಯುತ್ತದೆ. ದಿನಕ್ಕೆ ಎಷ್ಟು ಜನ ಹತ್ತಿದರು ಎಂಬ ಒಂದೇ ಅಳತೆಯಿಂದ ಒಂದು ದಾರಿಯ ಪ್ರಯೋಜನವನ್ನು ತೂಗಿದರೆ ನಾವು ಹಗೇವನ್ನು ಮುಚ್ಚಿ ಹಾಕುವ ರೈತನಂತಾಗುತ್ತೇವೆ.

ಇನ್ನು ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೋಗೋಣ. ಸುಮಾರು 20 ಕಿ.ಮೀ. ದೂರದಲ್ಲಿ ಕುಂದಗೋಳ, ಅದನ್ನು ದಾಟಿದರೆ ಸಂಶಿ, ಗುಡಗೇರಿ. ಕುಂದಗೋಳದಲ್ಲಿ 1886ರಲ್ಲಿ ಜನಿಸಿದ ರಾಮಚಂದ್ರ ಕುಂದಗೋಳಕರ ಎಂಬವರು ಸವಾಯಿ ಗಂಧರ್ವರೆಂದು ದೇಶಕ್ಕೆಲ್ಲ ಹೆಸರಾದರು. 1930ರ ದಶಕದ ಕೊನೆಯ ಭಾಗದಲ್ಲಿ ಅವರ ಬಳಿ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ಒಬ್ಬ ತರುಣಿ ರೈಲಿನಲ್ಲಿ ಬರುತ್ತಿದ್ದರು. ಪಾಠ ಮುಗಿಸಿಕೊಂಡು ಸಂಜೆಯ ಗಾಡಿಗೆ ಮರಳಿ ಹುಬ್ಬಳ್ಳಿಗೆ ಹೋಗುತ್ತಿದ್ದರು. ಅವರೇ ಗಂಗೂಬಾಯಿ ಹಾನಗಲ್. ಅದೇ ಗುರುವಿನ ಮನೆಯಲ್ಲಿ ನೀರು ಹೊತ್ತು ಸೇವೆ ಮಾಡಿಕೊಂಡಿದ್ದ ಒಬ್ಬ ಹುಡುಗ ಗಂಗೂಬಾಯಿಯವರನ್ನು ನಿಲ್ದಾಣದವರೆಗೆ ಕಳುಹಿಸಿಕೊಡಲು ಹೋಗುತ್ತಿದ್ದ. ದಾರಿಯುದ್ದಕ್ಕೂ, ಅಂದು ಗುರುಗಳು ಏನು ಹೇಳಿಕೊಟ್ಟರೆಂದು ಕೇಳಿ ತಾನೂ ಕಲಿಯುತ್ತಿದ್ದ. ಆ ಹುಡುಗನೇ ಭೀಮಸೇನ ಜೋಶಿ. ಅವರೂ ಬಾಲ್ಯದಲ್ಲಿ, 1933ರಲ್ಲಿ, ಗುರುವನ್ನು ಅರಸಿ ಗದಗಿನ ಮನೆಯಿಂದ ಓಡಿಹೋದದ್ದು ರೈಲಿನಲ್ಲಿಯೇ. ಕೈಯಲ್ಲಿ ಟಿಕೇಟಿಗೆ ಹಣವಿಲ್ಲದೆ, ಸಿಕ್ಕ ಗಾಡಿ ಹತ್ತಿ ಉತ್ತರದ ಊರೂರು ಅಲೆದು ಬಂದವರು. ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಲಭಿಸಿತು.

ಆ ದಿನಗಳ ಕುಂದಗೋಳದ ಸಂಜೆಯ ಗಾಡಿಗೆ ಎಷ್ಟು ಜನ ಹತ್ತುತ್ತಿದ್ದರೋ ಯಾರೂ ಎಣಿಸಿಟ್ಟಿಲ್ಲ. ಎಣಿಸಿದ್ದರೂ, ಆ ಸಂಖ್ಯೆಯಲ್ಲಿ ಗಂಗೂಬಾಯಿ ಒಂದು ಟಿಕೇಟು ಮಾತ್ರ. ಒಂದು ಸಂಗೀತ ಪರಂಪರೆಯೇ ಆ ಟಿಕೇಟಿನಲ್ಲಿ ಪ್ರಯಾಣ ಮಾಡುತ್ತಿದೆ ಎಂದು ಯಾವ ಲೆಕ್ಕಿಗ ತಾನೇ ಬರೆಯಬಲ್ಲ?

ಇಲ್ಲಿಗೆ ಲೇಖನವನ್ನು ಮುಗಿಸಿದರೆ ಸುಖಕರವಾಗಿರುತ್ತಿತ್ತು. ಆದರೆ ಈ ಉದಾಹರಣೆಯಲ್ಲಿ ಒಂದು ಅಪಾಯವಿದೆ. ಗಂಗೂಬಾಯಿ ಹತ್ತಿದ ಗಾಡಿ ಓಡಬೇಕಾಗಿತ್ತು, ಏಕೆಂದರೆ ಅವರು ಮುಂದೆ ಮಹಾ ಗಾಯಕಿಯಾದರು ಎನ್ನುವುದಾದರೆ, ಪಲ್ಲೆ ಮಾರುವ ಮುದುಕಿಯ ಗಾಡಿಗೆ ಏನು ಸಮರ್ಥನೆ? ಆಕೆ ಮುಂದೆ ಏನೂ ಆಗುವವಳಲ್ಲ. ನಾಳೆಯೂ ಆಕೆ ಪಲ್ಲೆ ಮಾರುವವಳೇ. ಬಡವರಿಗೆ ಅವಕಾಶ ಕೊಡಬೇಕು, ಅವರಲ್ಲಿ ಯಾರಾದರೂ ರತ್ನವಾಗಿ ಹೊಳೆಯಬಹುದು ಎನ್ನುವ ಮಾತನ್ನು ನಾವು ವೇದಿಕೆಗಳಲ್ಲಿ ಬಹಳ ಕೇಳುತ್ತೇವೆ. ಆ ಮಾತಿನಲ್ಲಿ ಒಂದು ಸೂಕ್ಷ್ಮವಾದ ತಿರಸ್ಕಾರವಿದೆ. ಹೊಳೆಯದ ಕಲ್ಲನ್ನು ಎಸೆಯಬಹುದೆಂಬ ಅರ್ಥ ಅದರೊಳಗೆ ಅಡಗಿದೆ. ಮನುಷ್ಯನಿಗೆ ಸಲ್ಲಬೇಕಾದದ್ದು ಅವನು ಮುಂದೆ ಏನಾಗುವನೆಂಬುದನ್ನು ಅವಲಂಬಿಸಬಾರದು. ಆದುದರಿಂದ ಕುಂದಗೋಳದ ಕಥೆ ನಮಗೆ ಒಂದನ್ನು ಮಾತ್ರ ಕಲಿಸುತ್ತದೆ: ತಲೆಗಳ ಎಣಿಕೆ ಕುರುಡು. ಆ ಕುರುಡಿಗೆ ಗಂಗೂಬಾಯಿಯೂ ಕಾಣುವುದಿಲ್ಲ, ಮುದುಕಿಯೂ ಕಾಣುವುದಿಲ್ಲ. ಇಷ್ಟರಿಂದ ಪ್ರತಿಯೊಂದು ಗಾಡಿಯೂ ಓಡಲೇಬೇಕೆಂದು ಸಿದ್ಧವಾಗುವುದಿಲ್ಲ.

ಈಗ ಆ ಯುವಕನ ಪಕ್ಷವನ್ನೂ ನ್ಯಾಯವಾಗಿ ಕೇಳೋಣ. ಗಾಡಿ ಓಡಿಸುವ ಹಣ ಆಕಾಶದಿಂದ ಬೀಳುವುದಿಲ್ಲ. ಅದರಲ್ಲಿ, ಒಮ್ಮೆಯೂ ಆ ಗಾಡಿ ಹತ್ತದ ಬಡವರ ಪಾಲೂ ಇದೆ. ನವಲಗುಂದವನ್ನೇ ನೋಡಿ. ಹಿಂದೆ ಅದೇ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಅಣ್ಣಿಗೇರಿಗೆ ರೈಲು ಉಂಟು. ನವಲಗುಂದ ಪಟ್ಟಣಕ್ಕೆ ಇಲ್ಲ. ಕಲಘಟಗಿಗೂ ಇಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳ ಮೇಲೆ ಅಂಕೋಲೆಗೆ ಹೋಗುವ ಮಾರ್ಗ 1990ರ ದಶಕದಿಂದಲೂ ಮಾತಿನಲ್ಲಿದೆ. ಪಶ್ಚಿಮ ಘಟ್ಟದ ಕಾಡನ್ನು ಸೀಳಿಕೊಂಡು ಹೋಗಬೇಕಾದ ಆ ಹಾದಿ ವರ್ಷಗಟ್ಟಲೆ ಅನುಮತಿಗಳ, ವ್ಯಾಜ್ಯಗಳ ನಡುವೆ ಸಿಕ್ಕಿಕೊಂಡಿತು. ಕಲಘಟಗಿಯ ರೈತ ಬಸ್ಸನ್ನೇ ನಂಬಿದ್ದಾನೆ. ಅವನು ಎದ್ದು ನಿಂತು, “ಅವರಿಗೆ ಆರು ಮಂದಿಗೊಂದು ಗಾಡಿ, ನಮಗೆ ಅರವತ್ತು ಮಂದಿಗೊಂದು ಬಸ್ಸೂ ಸರಿಯಾಗಿಲ್ಲವಲ್ಲ” ಎಂದರೆ ಅದನ್ನು ಸ್ವಾರ್ಥವೆಂದು ತಳ್ಳಿಹಾಕಲಾದೀತೆ? ಕೆಲವರ ಪರವಾಗಿ ಮಾತನಾಡುವವರು, ಅವರಿಗಿಂತಲೂ ಕಡಿಮೆ ಪಡೆದ ಇನ್ನೂ ಕೆಲವರಿದ್ದಾರೆ ಎಂಬುದನ್ನು ಮರೆಯಬಾರದು.

ಗುರುಮಠದಲ್ಲಿ ನೀತಿಶಾಸ್ತ್ರವನ್ನು ಓದುವಾಗ ನಾವು ಎರಡು ಮಾರ್ಗಗಳನ್ನು ಕಲಿತಿದ್ದೆವು. ಇಂಗ್ಲೆಂಡಿನ ಜೆರೆಮಿ ಬೆಂಥಮ್‌ನ ಹೆಸರಿನೊಡನೆ ಸೇರಿಕೊಂಡಿರುವ ವಿಚಾರ ಒಂದು: ಹೆಚ್ಚು ಜನರಿಗೆ ಹೆಚ್ಚು ಸುಖ ತರುವುದೇ ಒಳಿತು. ಗ್ರೀಸಿನ ಅರಿಸ್ಟಾಟಲನಿಂದ ಬಂದು ಸಂತ ತೋಮಸ್ ಅಕ್ವಿನಾಸರಲ್ಲಿ ಬೆಳೆದ ವಿಚಾರ ಇನ್ನೊಂದು: ಹಂಚಿಕೆಯ ನ್ಯಾಯವೆಂದರೆ ಎಲ್ಲರಿಗೂ ಒಂದೇ ತೂಕವಲ್ಲ, ಅವರವರಿಗೆ ತಕ್ಕ ಪ್ರಮಾಣ. ಮೊದಲನೆಯದು ಯುವಕನಿಗೆ ಒಪ್ಪುತ್ತದೆ, ಎರಡನೆಯದು ಮುದುಕಿಗೆ ಎಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಪ್ರಮಾಣವೆಂದ ಕೂಡಲೇ ಮುದುಕಿಗೂ ಒಂದು ಪ್ರಶ್ನೆ ಎದುರಾಗುತ್ತದೆ: ಆಕೆಗೆ ಬೇಕಾದದ್ದು ರೈಲೇ, ಅಥವಾ ಸಂತೆಯ ಹೊತ್ತಿಗೆ ಹುಬ್ಬಳ್ಳಿಗೆ ಮುಟ್ಟಿಸುವ ಅಗ್ಗದ ದಾರಿಯೇ? ರೈಲಿನ ಮೇಲಿನ ನಮ್ಮ ಮಮತೆಯನ್ನು ಬಡವರ ಅವಶ್ಯಕತೆಯೆಂದು ನಾವು ತಪ್ಪಾಗಿ ತಿಳಿಯಬಾರದು.

ಈ ಎರಡರ ನಡುವಿನ ದಾರಿಯೊಂದನ್ನು ನಮ್ಮ ನಾಡೇ ಒಮ್ಮೆ ಕಂಡುಕೊಂಡಿತ್ತು. ಶಿವಮೊಗ್ಗದಿಂದ ಜೋಗದ ಸಮೀಪದ ತಾಳಗುಪ್ಪದವರೆಗಿನ ಹಳೆಯ ಮೀಟರ್ ಗೇಜ್ ಹಳಿಯ ಮೇಲೆ ಜನ ಕಡಿಮೆಯಾದಾಗ, ಉದ್ದನೆಯ ಗಾಡಿಯ ಬದಲಿಗೆ ‘ರೈಲು ಬಸ್ಸು’ ಎಂಬ ಒಂಟಿ ಡಬ್ಬಿಯ ವಾಹನವನ್ನು ಓಡಿಸಿದರು. ಬಂಗಾರಪೇಟೆ ಮತ್ತು ಕೋಲಾರದ ನಡುವೆಯೂ ಅಂಥದೊಂದು ರೈಲು ಬಸ್ಸು ವರ್ಷಗಳ ಕಾಲ ಓಡಿತು. ನೋಡುವವರಿಗೆ ಅದು ನಗೆ ಬರಿಸುವಂತಿತ್ತು. ಬಸ್ಸೊಂದು ದಾರಿ ತಪ್ಪಿ ಹಳಿಯೇರಿದಂತೆ! ಆದರೆ ಅದರಲ್ಲಿ ಒಂದು ವಿವೇಕವಿತ್ತು. ಜನ ಕಡಿಮೆಯಾದರೆಂದು ದಾರಿಯನ್ನು ಮುಚ್ಚಲಿಲ್ಲ. ಕೆಲವರಿಗಾಗಿ ಇಡೀ ಗಾಡಿಯ ವೆಚ್ಚವನ್ನೂ ಮಾಡಲಿಲ್ಲ. ಅವಶ್ಯಕತೆಯ ಗಾತ್ರಕ್ಕೆ ಸೇವೆಯ ಗಾತ್ರವನ್ನು ಹೊಂದಿಸಿದರು. ತಾಳಗುಪ್ಪದ ಹಳಿ ಆಮೇಲೆ ಬ್ರಾಡ್‌ಗೇಜ್ ಆಯಿತು. ಬೆಂಗಳೂರು, ಮೈಸೂರುಗಳಿಂದ ನೇರವಾಗಿ ಗಾಡಿಗಳು ಅಲ್ಲಿಗೆ ಬರುವಂತಾಯಿತು. ಒಂಟಿ ಡಬ್ಬಿ ಆ ದಾರಿಯನ್ನು ಜೀವಂತವಾಗಿಟ್ಟಿತ್ತು.

ಎಲ್ಲ ದಾರಿಗಳಿಗೂ ಅಂಥ ಭಾಗ್ಯ ಬರುವುದಿಲ್ಲ. ನಮ್ಮ ಜಿಲ್ಲೆಯ ಅಳ್ನಾವರದಿಂದ ದಾಂಡೇಲಿಗೆ ಹೋಗುವ ಕವಲು ಹಾದಿ ಒಂದು ಕಾಲದಲ್ಲಿ ಕಾಡಿನ ಮರ ಹೊತ್ತು ತಂದ ಹಾದಿ. 1990ರ ದಶಕದಲ್ಲಿ ಅಲ್ಲಿ ಪ್ರಯಾಣಿಕರ ಗಾಡಿ ನಿಂತುಹೋಯಿತು. ಎರಡು ದಶಕಗಳಿಗೂ ಹೆಚ್ಚು ಕಾಲದ ಬಳಿಕ, 2019ರ ನವೆಂಬರ್ ತಿಂಗಳಲ್ಲಿ, ಮತ್ತೆ ಪ್ರಯಾಣಿಕರ ಗಾಡಿ ಆರಂಭವಾಯಿತು. ಊರಿನವರು ಹಾರ ಹಾಕಿ ಸ್ವಾಗತಿಸಿದರು. ಆರು ತಿಂಗಳು ತುಂಬುವ ಮೊದಲೇ, 2020ರ ಮಾರ್ಚಿನಲ್ಲಿ, ಕೋವಿಡ್ ರೋಗದ ನಿಮಿತ್ತ ದೇಶದ ಪ್ರಯಾಣಿಕ ಗಾಡಿಗಳೆಲ್ಲ ನಿಂತಾಗ ಅದೂ ನಿಂತಿತು.

ದೂರದ ಇಟಲಿಯಲ್ಲಿ ಇದೇ ಪ್ರಶ್ನೆ ಬೇರೊಂದು ರೂಪ ತಳೆದಿದೆ. ಅಲ್ಲಿನ ಅಪೆನ್ನೈನ್ ಪರ್ವತಗಳಲ್ಲಿ ಸುಲ್ಮೋನಾದಿಂದ ಇಸೆರ್ನಿಯಾ ಕಡೆಗೆ 1897ರಲ್ಲಿ ಪೂರ್ಣಗೊಂಡ ಒಂದು ರೈಲು ಮಾರ್ಗವಿದೆ. ಸಮುದ್ರ ಮಟ್ಟದಿಂದ 1,268 ಮೀಟರ್ ಎತ್ತರದಲ್ಲಿ ಅದರ ಒಂದು ನಿಲ್ದಾಣ. ಚಳಿಗಾಲದಲ್ಲಿ ಹಿಮ ಮುಚ್ಚುವ ಆ ಹಾದಿಯನ್ನು ಜನ ‘ಇಟಲಿಯ ಟ್ರಾನ್ಸ್‌ಸೈಬೀರಿಯನ್’ ಎಂದು ಕರೆಯುತ್ತಾರೆ. ಬೆಟ್ಟದ ಹಳ್ಳಿಗಳಿಂದ ಜನ ವಲಸೆ ಹೋದರು, ಉಳಿದವರು ಕಾರು ಕೊಂಡರು. 2011ರ ಹೊತ್ತಿಗೆ ದೈನಂದಿನ ಗಾಡಿಗಳು ನಿಂತವು. 2014ರಿಂದ ಹಳೆಯ ಕಾಲದ ಡಬ್ಬಿಗಳನ್ನು ಕಟ್ಟಿಕೊಂಡು ಪ್ರವಾಸಿಗಳ ಗಾಡಿ ಅಲ್ಲಿ ಓಡತೊಡಗಿತು. 2017ರಲ್ಲಿ ಇಂಥ ಪ್ರವಾಸಿ ಮಾರ್ಗಗಳನ್ನು ಕಾಪಾಡುವುದಕ್ಕಾಗಿಯೇ ಇಟಲಿಯ ಸಂಸತ್ತು ಒಂದು ಕಾನೂನನ್ನು ಮಾಡಿತು. ಹಳಿ ಉಳಿಯಿತು, ಅದು ಮೆಚ್ಚಬೇಕಾದ ಸಂಗತಿ. ಬೆಟ್ಟದ ಅಂಗಡಿಗಳಿಗೂ ಛತ್ರಗಳಿಗೂ ಅದರಿಂದ ನಾಲ್ಕು ಕಾಸು ಸಿಕ್ಕಿತು. ಆದರೆ ಪ್ರವಾಸಿಗಳ ಗಾಡಿ ರಜೆಯ ದಿನಗಳನ್ನು ನೋಡಿ ಹೊರಡುತ್ತದೆಯೇ ಹೊರತು ಶಾಲೆಯ ಗಂಟೆಯನ್ನೂ ವೈದ್ಯರ ವೇಳೆಯನ್ನೂ ನೋಡಿ ಅಲ್ಲ. ದಾರಿ ಉಳಿದರೂ ದಾರಿಯನ್ನು ನಂಬಿದವರು ಉಳಿಯದೆ ಹೋಗಬಹುದು. ಹಾಗಾದರೆ ನಾವು ಉಳಿಸಿದ್ದು ಏನನ್ನು?

ನಮ್ಮ ಓದುಗರಿಗೆ ಆಪ್ತವಾದ ಇನ್ನೊಂದು ರೈಲು ರೋಮಿನಲ್ಲಿದೆ. ರೈಲು ಮೊದಲು ಬಂದ ದಿನಗಳಲ್ಲಿ ಪೋಪ್ ಹದಿನಾರನೆಯ ಗ್ರೆಗರಿಯವರು ತಮ್ಮ ಸಂಸ್ಥಾನದಲ್ಲಿ ಅದಕ್ಕೆ ಎಡೆ ಕೊಡಲಿಲ್ಲ. ಅವರ ನಂತರ ಬಂದ ಒಂಬತ್ತನೆಯ ಪಿಯುಸರು ಒಪ್ಪಿದರು; 1856ರಲ್ಲಿ ರೋಮಿನಿಂದ ಫ್ರಾಸ್ಕಾತಿಗೆ ಗಾಡಿ ಓಡಿತು. 1929ರ ಲ್ಯಾಟೆರನ್ ಒಪ್ಪಂದದ ಬಳಿಕ ವ್ಯಾಟಿಕನ್ನಿಗೇ ಒಂದು ನಿಲ್ದಾಣ ಕಟ್ಟಲಾಯಿತು. ಕೋಟೆಗೋಡೆಯಲ್ಲಿ ಕಬ್ಬಿಣದ ಭಾರಿ ಬಾಗಿಲು, ಒಳಗೆ ಕೆಲವು ನೂರು ಮೀಟರ್ ಹಳಿ, ಅಮೃತಶಿಲೆಯ ಕಟ್ಟಡ. ದಶಕಗಳ ಕಾಲ ಅಲ್ಲಿಗೆ ಬಂದದ್ದು ಹೆಚ್ಚಾಗಿ ಸರಕು. ಪ್ರಯಾಣಿಕರು ಬಲು ವಿರಳ. 1962ರ ಅಕ್ಟೋಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಗಲು ಒಂದು ವಾರವಿರುವಾಗ, ಪೋಪ್ ಇಪ್ಪತ್ತಮೂರನೆಯ ಜಾನ್ ಅವರು ಅಲ್ಲಿಂದ ಗಾಡಿ ಹತ್ತಿ ಲೊರೆತೊ ಮತ್ತು ಅಸ್ಸಿಸಿಗೆ ಯಾತ್ರೆ ಹೋದರು. 2015ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಕ್ಯಾಸ್ಟೆಲ್ ಗಾಂಡೊಲ್ಫೊಗೆ ಸಾಮಾನ್ಯ ಸಂದರ್ಶಕರನ್ನು ಕರೆದೊಯ್ಯುವ ಶನಿವಾರದ ಗಾಡಿ ಆರಂಭವಾಯಿತು. ಒಬ್ಬ ಯಾತ್ರಿಕನಿಗಾಗಿ ವಿಶೇಷ ಗಾಡಿ ಓಡಿದಾಗ ಜಗತ್ತು ಅದನ್ನು ದುಂದೆನ್ನಲಿಲ್ಲ, ಚರಿತ್ರೆ ಎಂದಿತು. ದೊಡ್ಡವರೊಬ್ಬರು ಪ್ರಯಾಣ ಮಾಡಿದರೆ ಚರಿತ್ರೆ, ಬಡವರು ಆರು ಮಂದಿ ಪ್ರಯಾಣ ಮಾಡಿದರೆ ನಷ್ಟ! ಆ ಪೋಪರ ಮೇಲೆ ನನಗಿರುವ ಗೌರವಕ್ಕೆ ಕುಂದಿಲ್ಲ. ಬಡ ರೈತರ ಮನೆಯಲ್ಲಿ ಹುಟ್ಟಿದ ಅವರು ಈ ಮಾತಿಗೆ ಮುನಿಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ನಮ್ಮ ಎಣಿಕೆ ಎಷ್ಟು ಪಕ್ಷಪಾತಿ ಎಂದು ತೋರಿಸಲು ಮಾತ್ರ ಇದನ್ನು ಹೇಳಿದೆ. 2023ರ ಮಾರ್ಚ್ 12ರಂದು ನಮ್ಮ ಹುಬ್ಬಳ್ಳಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದದ ಪ್ಲಾಟ್‌ಫಾರಂ ಲೋಕಾರ್ಪಣೆಯಾಯಿತು. ಅದು ನಮಗೆಲ್ಲ ಹೆಮ್ಮೆ. ಆದರೆ ಆ ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಮುಂದಿನ ಸಣ್ಣ ನಿಲ್ದಾಣದ ದೀಪವೂ ಕಾಣುತ್ತಿರಬೇಕು.

ಹಾಗಾದರೆ ಯುವಕನಿಗೆ ನಾನು ಕೊಡಬೇಕಾಗಿದ್ದ ಉತ್ತರವೇನು? ಇಷ್ಟು ವರ್ಷಗಳ ಮೇಲೆ ನನಗೆ ಹೊಳೆದದ್ದನ್ನು ಹೇಳುತ್ತೇನೆ. ಇಲ್ಲದ ಸೇವೆಯನ್ನು ಕೊಡದಿರುವುದು ಬೇರೆ, ಇರುವ ಸೇವೆಯನ್ನು ಕಿತ್ತುಕೊಳ್ಳುವುದು ಬೇರೆ. ನಿಲ್ದಾಣದ ಗೋಡೆಯ ಮೇಲೆ ಬರೆದ ವೇಳಾಪಟ್ಟಿ ಒಂದು ವಾಗ್ದಾನ. ಅದನ್ನು ನಂಬಿ ಒಬ್ಬಳು ವ್ಯಾಪಾರ ಹೂಡುತ್ತಾಳೆ, ಒಬ್ಬ ದೂರದ ಕೆಲಸ ಒಪ್ಪಿಕೊಳ್ಳುತ್ತಾನೆ, ಒಂದು ಮನೆಯವರು ಮಗಳನ್ನು ಕಾಲೇಜಿಗೆ ಸೇರಿಸುತ್ತಾರೆ. ಹಾಗೆ ಬದುಕು ಕಟ್ಟಿಕೊಂಡವರು ಆರೇ ಮಂದಿಯಾದರೂ ಅವರ ಮೇಲೆ ನಮಗೊಂದು ಋಣವಿದೆ. ವಾಗ್ದಾನವನ್ನು ಎಂದೆಂದಿಗೂ ಬದಲಿಸಕೂಡದೆಂದು ಇದರ ಅರ್ಥವಲ್ಲ. ಬದಲಿಸುವ ಮೊದಲು ಅವರಿಗೆ ಹೇಳಬೇಕು. ಅವರ ಮಾತನ್ನು ಕೇಳಬೇಕು. ಮತ್ತೊಂದು ದಾರಿಯನ್ನು, ಅದು ರೈಲು ಬಸ್ಸೋ, ಹೊತ್ತಿಗೆ ಸರಿಯಾಗಿ ಬರುವ ಊರ ಬಸ್ಸೋ, ತೋರಿಸಬೇಕು. ಇಷ್ಟನ್ನು ಮಾಡಿದ ಮೇಲೆ ಗಾಡಿ ನಿಂತರೆ ಅದು ದುಃಖ. ಇದಾವುದನ್ನೂ ಮಾಡದೆ ನಿಂತರೆ ಅದು ಅನ್ಯಾಯ. ನೂರು ಕುರಿಗಳಲ್ಲಿ ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮತಿ ನಮಗೆಲ್ಲ ಬಾಯಿಪಾಠ. ಅವನು ಉಳಿದ ತೊಂಬತ್ತೊಂಬತ್ತರ ಲೆಕ್ಕ ತಿಳಿಯದವನಲ್ಲ. ನೂರನ್ನೂ ಎಣಿಸಿದ್ದರಿಂದಲೇ ಒಂದು ಕಡಿಮೆಯಾದದ್ದು ಅವನಿಗೆ ತಿಳಿಯಿತು. ಎಣಿಕೆಯೇ ತಪ್ಪಲ್ಲ, ಯುವಕನ ಪ್ರಶ್ನೆಯೂ ತಪ್ಪಲ್ಲ. ಕಡಿಮೆಯಾದವರನ್ನು ಹುಡುಕಲು ಎಣಿಸುತ್ತೇವೆಯೋ, ಬಿಟ್ಟುಬಿಡಲು ಎಣಿಸುತ್ತೇವೆಯೋ ಎಂಬುದರಲ್ಲಿ ವ್ಯತ್ಯಾಸವಿದೆ.

ಕೋವಿಡ್ ಕಾಲದ ತರುವಾಯ ದೇಶದಲ್ಲಿ ಪ್ಯಾಸೆಂಜರ್ ಗಾಡಿಗಳು ಮತ್ತೆ ಓಡಲಾರಂಭಿಸಿದಾಗ, ಅವುಗಳಲ್ಲಿ ಅನೇಕವು ವಿಶೇಷ ಎಕ್ಸ್‌ಪ್ರೆಸ್ ಎಂಬ ಹೆಸರಿನಿಂದ ಬಂದವು. ಕನಿಷ್ಠ ದರ ಹತ್ತರಿಂದ ಮೂವತ್ತು ರೂಪಾಯಿಗೆ ಏರಿತು. 2024ರ ಫೆಬ್ರವರಿಯಲ್ಲಿ ಆ ದರ ಮತ್ತೆ ಹತ್ತಕ್ಕೆ ಇಳಿಯಿತು. ಬರೆಯುವಾಗ ಇದು ಎರಡು ಸಾಲು. ಬುಟ್ಟಿ ಹೊತ್ತವಳ ಬದುಕಿನಲ್ಲಿ ಮೂರು ನಾಲ್ಕು ವರ್ಷ. 2022ರಲ್ಲಿ ಒಮ್ಮೆ ಆ ಮುದುಕಿಯನ್ನು ಹುಬ್ಬಳ್ಳಿಯ ಸಂತೆಯಲ್ಲಿ ಕಂಡೆ. “ಯವ್ವಾ, ಮೊಮ್ಮಗಳ ಓದು ಎಲ್ಲಿಗೆ ಬಂತು?” ಎಂದು ವಿಚಾರಿಸಿದೆ. “ಬಿಡಿಸಿದ್ವಿರಿ ಯಪ್ಪಾ. ಬಸ್ಸಿನ ದಾರಿಗೆ ಮೂರು ಮೈಲಿ ನಡೀಬೇಕು, ಹರೇದ ಹುಡುಗಿ, ಕತ್ತಲಾಗ ಹೆಂಗ ಕಳಸೂದು? ಹೋದ ವರ್ಷ ಲಗ್ನ ಮಾಡಿ ಕೊಟ್ವಿ” ಎಂದಳು. ಅದರಲ್ಲಿ ದೂರಿನ ಧ್ವನಿ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಆ ಹುಡುಗಿ ಯಾವ ಪಟ್ಟಿಯಲ್ಲಿಯೂ ನಷ್ಟವೆಂದು ದಾಖಲಾಗಲಿಲ್ಲ. ಹತ್ತದ ಪ್ರಯಾಣಿಕರನ್ನು ಯಾರೂ ಎಣಿಸುವುದಿಲ್ಲ.

ಅಂದು ಮನೆಗೆ ಬಂದವನಿಗೆ ನನ್ನದೇ ಒಂದು ಎಣಿಕೆ ನೆನಪಾಯಿತು. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ದೂರದ ಒಂದು ಹಳ್ಳಿಯಲ್ಲಿ ನಾಲ್ಕೇ ಕ್ರೈಸ್ತ ಮನೆಗಳು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬಲಿಪೂಜೆ ಅರ್ಪಿಸುವುದು ಹಿಂದಿನವರಿಂದ ನಡೆದುಬಂದ ರೂಢಿ. ರಸ್ತೆ ಕೆಟ್ಟಿದೆ, ಪೆಟ್ರೋಲು ದುಬಾರಿ, ಜನ ನಾಲ್ಕೈದು ಎಂದು ಲೆಕ್ಕ ಹಾಕಿ, ಅದನ್ನು ಎರಡು ತಿಂಗಳಿಗೊಮ್ಮೆ ಎಂದು ಮಾಡಿದವನು ನಾನೇ. ಯಾರನ್ನೂ ಕೇಳಿರಲಿಲ್ಲ, ಯಾರಿಗೂ ಮೊದಲೇ ಹೇಳಿರಲಿಲ್ಲ. ನಾನು ಹೋಗದ ಮೊದಲ ಭಾನುವಾರ ಅಲ್ಲಿನ ಒಬ್ಬ ಹಿರಿಯರು ಮಧ್ಯಾಹ್ನದವರೆಗೂ ರಸ್ತೆಯ ತಿರುವಿನಲ್ಲಿ ಕುಳಿತು ಕಾದಿದ್ದರಂತೆ. ಅದನ್ನು ಅವರು ನನಗೆ ಹೇಳಲಿಲ್ಲ. ಬಹಳ ದಿನಗಳ ಮೇಲೆ ಅವರ ಸೊಸೆ ಹೇಳಿದಳು. ವಾಗ್ದಾನದ ಕುರಿತು ಈಗ ಬರೆದದ್ದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಆ ತಿರುವಿನಿಂದ. ಅಲ್ಲಿಗೆ ಮತ್ತೆ ತಿಂಗಳಿಗೊಮ್ಮೆ ಹೋಗತೊಡಗಿದೆ. ಹೋಗಲಾಗದ ತಿಂಗಳಲ್ಲಿ ಮೊದಲೇ ಫೋನು ಮಾಡಿ ತಿಳಿಸುತ್ತೇನೆ.

ಕಡೆಯದಾಗಿ ನಮ್ಮೆಲ್ಲರ ಪಾಲಿನ ಒಂದು ಮಾತು. ನಮ್ಮೂರಿನ ಗಾಡಿ ನಿಲ್ಲಬಾರದೆಂದು ಮನವಿ ಪತ್ರಕ್ಕೆ ಸಹಿ ಹಾಕಿದ ನಮ್ಮಲ್ಲಿ ಎಷ್ಟು ಜನ ಕಳೆದ ವರ್ಷ ಆ ಗಾಡಿ ಹತ್ತಿದ್ದೇವೆ? ಮೋಟಾರು ಸೈಕಲ್ಲು ಇದೆ, ಕಾರು ಇದೆ, ಹೊತ್ತು ಉಳಿಯುತ್ತದೆ. ನಾವು ಇಳಿದ ಒಂದೊಂದು ಸೀಟೂ, ಇನ್ನೂ ಕುಳಿತಿರುವವರನ್ನು ‘ಕೆಲವೇ ಜನ’ ಎನಿಸುವಂತೆ ಮಾಡುತ್ತದೆ. ಅನುಕೂಲವುಳ್ಳವರು ಬಿಟ್ಟುಹೋದ ಶಾಲೆ, ಆಸ್ಪತ್ರೆ, ರೈಲು, ಎಲ್ಲದರ ಕಥೆಯೂ ಇದೇ. ಮೊದಲು ನಾವು ಹೊರಟುಹೋಗುತ್ತೇವೆ, ಆಮೇಲೆ ಉಳಿದವರನ್ನು ಎಣಿಸುತ್ತೇವೆ. ಮುಂದಿನ ಸಾರಿ ಗದಗಿಗೋ ಹುಬ್ಬಳ್ಳಿಗೋ ಹೋಗುವಾಗ, ಅವಸರವಿಲ್ಲದಿದ್ದರೆ, ಮಕ್ಕಳನ್ನು ಕರೆದುಕೊಂಡು ನಿಲ್ದಾಣಕ್ಕೆ ಹೋಗಿ ಟಿಕೇಟು ಕೊಳ್ಳೋಣ. ಪಕ್ಕದಲ್ಲಿ ಬುಟ್ಟಿ ಹಿಡಿದವರಿದ್ದರೆ ಸ್ವಲ್ಪ ಸರಿದು ಕುಳಿತು ಮಾತನಾಡಿಸೋಣ. ಆಗ ಡಬ್ಬಿಯಲ್ಲಿ ಆರು ಮಂದಿಯ ಬದಲು ಹತ್ತು ಮಂದಿಯಾಗುತ್ತೇವೆ.